ಕುದುರೆಯ ಹುಚ್ಚು
(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಹೈದರಾಬಾದಿನಲ್ಲಿ ನಿಂತು ಕುದುರೆಯ ಮಾತೆತ್ತಿದರೆ ಕೇಳುವವರ ಮನಸ್ಸು ನೇರವಾಗಿ ಮಲಕ್‌ಪೇಟೆಯ ರೇಸಿಗೆ ಓಡುತ್ತದೆ. ಬಾಜಿ, ಸಾಲ, ಸಂಬಳದ ದಿನ ಬರಿಗೈಯಲ್ಲಿ ಮನೆಗೆ ಬಂದ ಯಜಮಾನ! ನಾವು ಈ ಹೊತ್ತು ಹೇಳಹೊರಟಿರುವುದು ಆ ಸುದ್ದಿಯಲ್ಲ. ನಮ್ಮ ಹುಚ್ಚು ಬೇರೆ ತೆರನಾದುದು.

ಅದು ಹತ್ತಿಕೊಂಡದ್ದು ಮೈಸೂರಿನಲ್ಲಿ. ದಸರೆಯ ಮೆರವಣಿಗೆಗೆ ಊರೆಲ್ಲ ಆನೆಯನ್ನು ನೋಡಲು ಬಂದರೆ, ಹುಡುಗರಾದ ನಾವು ಅಶ್ವದಳಕ್ಕಾಗಿ ಕಾದು ನಿಲ್ಲುತ್ತಿದ್ದೆವು. ಮೈಸೂರಿನ ರಾವುತರಿಗೆ ಹಿಂದೆ ದೊಡ್ಡ ಹೆಸರಿತ್ತು. 1918ರ ಸೆಪ್ಟೆಂಬರ್ 23ರಂದು, ಭರ್ಜಿ ಹಿಡಿದು ಕುದುರೆಯ ಮೇಲೆ ನುಗ್ಗಿ ಹೈಫಾ ಪಟ್ಟಣವನ್ನು ಗೆದ್ದವರು ಮೈಸೂರು, ಜೋಧಪುರಗಳ ಲ್ಯಾನ್ಸರುಗಳು. ಅದೇ ಬ್ರಿಗೇಡಿನಲ್ಲಿ ಹೈದರಾಬಾದಿನ ಲ್ಯಾನ್ಸರುಗಳೂ ಇದ್ದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಯೋಧರವು. ಹುಟ್ಟಿದೂರೂ ಅನ್ನ ಕೊಟ್ಟ ಊರೂ ಒಂದೇ ಕಂಬದ ಬುಡದಲ್ಲಿ ಜೊತೆಯಾಗಿ ನಿಂತಿರುವುದನ್ನು ಕಂಡಾಗ ನಮಗಾದ ಸಂತೋಷ ಇಷ್ಟೆಂದು ಹೇಳಲಾರೆವು.

ಈಗ ಸ್ಪರ್ಧೆಯ ಮಾತು. ರೇಸಿನಲ್ಲಿ ಮುಂದೆ ಓಡಿದ ಕುದುರೆ ಗೆದ್ದಿತು; ಅಲ್ಲಿಗೆ ಮುಗಿಯಿತು. ಈವೆಂಟಿಂಗ್ ಎಂಬ ಸ್ಪರ್ಧೆ ಹಾಗಲ್ಲ. ಮೊದಲು ಡ್ರೆಸಾಜ್. ಅಳತೆಯ ಅಂಗಳದಲ್ಲಿ ಕುದುರೆ ಗೊತ್ತುಮಾಡಿದ ಗತಿಯಲ್ಲಿ ನಡೆದು, ಗೊತ್ತುಮಾಡಿದ ಕಡೆ ತಿರುಗಬೇಕು. ಸವಾರ ಗದರಿಸುವಂತಿಲ್ಲ, ಪುಸಲಾಯಿಸುವಂತೆಯೂ ಇಲ್ಲ. ಬಾಯಿ ತೆರೆದರೆ ಅಂಕ ಹೋಯಿತು. ಲಗಾಮಿನ ಸೂಕ್ಷ್ಮ, ಕಾಲಿನ ಒತ್ತು, ಕುಳಿತ ಭಂಗಿ, ಇಷ್ಟರಲ್ಲೇ ಇಬ್ಬರ ಮಾತುಕತೆ. (ಈ ಶಿಸ್ತು ಗಂಡಸರಿಗೆ ಮನೆಯಲ್ಲೂ ಇರಬೇಕಿತ್ತು ಎಂದು ನಮ್ಮ ಮನೆಯವರು ಹೇಳುವುದುಂಟು.) ಬಳಿಕ ದಿಮ್ಮಿ, ಹಳ್ಳ, ನೀರು ದಾಟುವ ಬಯಲು ಓಟ, ಕಡೆಗೆ, ತಾಗಿದರೆ ಬೀಳುವ ಅಡ್ಡಗೋಲುಗಳ ಮೇಲೆ ನೆಗೆತ. ಮೂರಕ್ಕೂ ಅದೇ ಕುದುರೆ, ಅದೇ ಸವಾರ. ಲೆಕ್ಕ ತಪ್ಪಿನದು, ಕಡಮೆ ಅಂಕದವರೇ ಗೆದ್ದವರು.

ಇದರಲ್ಲಿ ನಮ್ಮ ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಕ್ರೀಡೆಗಳಲ್ಲಿ ಎರಡು ಬೆಳ್ಳಿ ತಂದರು, ಒಂದು ತಮ್ಮದು, ಒಂದು ತಂಡದ್ದು. 1982ರ ಬಳಿಕ ಏಷ್ಯನ್ ಕ್ರೀಡೆಗಳ ಕುದುರೆ ಸವಾರಿಯಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದು. 2021ರಲ್ಲಿ ಅದೇ ಕುದುರೆಯೊಡನೆ ಟೋಕಿಯೋ ಒಲಿಂಪಿಕ್ಸಿಗೆ ಹೋಗಿ, ಡ್ರೆಸಾಜಿನಲ್ಲಿ 9ನೆಯವರಾಗಿ, ಕೊನೆಗೆ 23ನೆಯ ಸ್ಥಾನ ಪಡೆದರು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ಮಗಳು ಸವಾರಿ ಕಲಿಯುತ್ತೇನೆಂದು ಅರ್ಜಿಯೊಂದನ್ನು ತಂದಳು. ಪರಸ್ಥಳ, ಹೆಣ್ಣುಮಗು, ಬಿದ್ದು ಕೈಕಾಲು ಮುರಿದರೆ ಗತಿಯೇನು ಎಂದು ನಾವು ಸಹಿ ಹಾಕಲಿಲ್ಲ. ಹುಚ್ಚು ಹತ್ತಿಸಿದವರೂ ನಾವೇ, ಹೆದರಿದವರೂ ನಾವೇ. ಅವಳು ಮರುಮಾತಾಡಲಿಲ್ಲ. ಆದರೆ ಅಂದಿನಿಂದ ನಮ್ಮೊಡನೆ ಕುದುರೆ ನೋಡಲು ಬರುವುದನ್ನು ಬಿಟ್ಟಳು.

ಟೋಕಿಯೋದ ಆ ಸ್ಪರ್ಧೆಯನ್ನು ಮನೆಮಂದಿಯೆಲ್ಲ ಟಿ.ವಿ.ಯಲ್ಲಿ ನೋಡಿದೆವು. ಅಲ್ಲಿ ಹೆಂಗಸರಿಗೆ ಬೇರೆ ಪಂಕ್ತಿಯಿಲ್ಲ, ಎಲ್ಲರೂ ಒಟ್ಟಿಗೆ. ಚಿನ್ನ ಗೆದ್ದವರು ಜರ್ಮನಿಯ ಯೂಲಿಯಾ ಕ್ರಯೆವ್‌ಸ್ಕಿ. ಈವೆಂಟಿಂಗಿನಲ್ಲಿ ಒಲಿಂಪಿಕ್ಸಿನ ವೈಯಕ್ತಿಕ ಚಿನ್ನ ಪಡೆದ ಮೊದಲ ಮಹಿಳೆ. ಮಗಳು ಪಕ್ಕದಲ್ಲೇ ಕುಳಿತಿದ್ದಳು. ಏನೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಹಗುರವಾಗುತ್ತಿತ್ತು.

ಈ ವರ್ಷ ಅವಳ ಮಗಳು ಅಂಥದೇ ಕಾಗದ ತಂದಿದ್ದಾಳೆ. "ಶಿವರಾಮ್‌ಪಲ್ಲಿಯ ಪೊಲೀಸ್ ಅಕಾಡೆಮಿಯಲ್ಲಿ ಐ.ಪಿ.ಎಸ್. ಆಗುವ ಅಕ್ಕಂದಿರೂ ಕುದುರೆ ಹತ್ತುತ್ತಾರೆ, ತಾತ" ಎಂದು ಅವಳ ವಾದ. ತಾಯಿ ಆಗಲೇ ಸಹಿ ಹಾಕಿಬಿಟ್ಟಿದ್ದಾಳೆ. ಬಿದ್ದರೆ ಎಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆವು. ಬರುವ ಭಾನುವಾರ ಬೆಳಗ್ಗೆ ಐದೂವರೆಗೆ ಹೊರಡಬೇಕಂತೆ. ಕುದುರೆಗೆ ಕ್ಯಾರೆಟ್ ತರುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಮಗಳೂ ಬರುತ್ತಾಳಂತೆ.