ಕಳ್ಳನ ಮುಖ ಹೇಗಿರುತ್ತೆ?

(ಶಿವಮೊಗ್ಗ ಮತ್ತು ಭದ್ರಾವತಿಯ ಹಾಸ್ಟೆಲ್ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತಿನ ಬರಹರೂಪ)

ಅಪರಾಧ ಮತ್ತು ಮನಸ್ಸು, ಈ ವಿಷಯದ ಮೇಲೆ ಮಾತಾಡಿ ಅಂತ ಕರೆದಿದ್ದೀರಿ. ನಾವು ಮನಶ್ಶಾಸ್ತ್ರದ ಪಂಡಿತರಲ್ಲ. ಬಿ.ಎ. ಓದಿ, ನಾಲ್ಕು ಪದ್ಯ ಬರೆದು, ಲೈಬ್ರರಿಯಲ್ಲಿ ಸಿಕ್ಕಿದ ಪುಸ್ತಕಗಳನ್ನೂ ಕೋರ್ಟಿನ ತೀರ್ಪುಗಳನ್ನೂ ಓದಿಕೊಂಡು ಬಂದವರು. ಆದರೆ ಈ ಶಾಸ್ತ್ರ ಪುಸ್ತಕಕ್ಕಿಂತ ಮೊದಲೇ ನಮ್ಮ ಹತ್ತಿರ ಬಂದಿತ್ತು. ಹೇಗೆ ಅಂತ ಮೊದಲು ಹೇಳಿಬಿಡ್ತೀವಿ.

ನಾವು ಓದುವಾಗ ಇದ್ದ ಒಂದು ಹಾಸ್ಟೆಲಿನಲ್ಲಿ ಒಂದು ಬೆಳಿಗ್ಗೆ ಒಬ್ಬ ಹುಡುಗನ ವಾಚು ಕಾಣೆಯಾಯಿತು. ಅವನಪ್ಪ ಗುತ್ತಿಗೆ ಕೂಲಿ ಮಾಡಿ ಕೊಡಿಸಿದ್ದ ವಾಚು. ನಲವತ್ತು ಜನ ಹುಡುಗರಿದ್ದೆವು. ತೆಗೆಸಿದ್ದು ಒಂದೇ ಟ್ರಂಕು. ಕ್ಯಾಂಪಿನಿಂದ ಬಂದಿದ್ದ ಕೊರಮರ ಹುಡುಗನ ಟ್ರಂಕು. ಯಾರೂ ಅವನ ಹೆಸರು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಎಲ್ಲರ ಕಣ್ಣೂ ಅತ್ತಲೇ ಹೋದವು. ಟ್ರಂಕಿನಲ್ಲಿ ಎರಡು ಅಂಗಿ, ನೋಟ್ಸು, ಅವರವ್ವ ಕೊಟ್ಟು ಕಳಿಸಿದ್ದ ಚಟ್ನಿಪುಡಿ ಡಬ್ಬಿ ಇತ್ತು. ಹುಡುಗ ನಡುಗುತ್ತಿದ್ದ. "ನೋಡ್ರೋ, ಹೆಂಗೆ ನಡುಗ್ತಾನೆ, ಇವನೇ ಕಣ್ರೋ" ಅಂದರು. ಮೂರು ದಿನದ ಮೇಲೆ ವಾಚು ಬಚ್ಚಲುಮನೆಯ ಗೂಡಿನಲ್ಲಿ ಸಿಕ್ಕಿತು. ವಾಚಿನ ಹುಡುಗನೇ ಸ್ನಾನಕ್ಕೆ ಹೋದಾಗ ಬಿಚ್ಚಿಟ್ಟು ಮರೆತಿದ್ದ. ಅಷ್ಟರಲ್ಲಿ ಆ ಇನ್ನೊಬ್ಬ ಹುಡುಗ ಟ್ರಂಕು ಹೊತ್ತುಕೊಂಡು ಊರಿಗೆ ಹೋಗಿಬಿಟ್ಟಿದ್ದ. ಮತ್ತೆ ಓದೋಕೆ ಬರಲಿಲ್ಲ.

ಟ್ರಂಕು ತೆಗೆಸಿದವರು ಯಾರೋ ಮೇಲ್ಜಾತಿಯವರು ಅಂದುಕೊಳ್ಳಬೇಡಿ. ನಾವೇ, ನಮ್ಮ ಕೇರಿಯ ಹುಡುಗರೇ. ನಮ್ಮನ್ನು ಊರಾಚೆ ಇಟ್ಟವರ ಬಗ್ಗೆ ಸಂಜೆ ಹಾಡು ಹಾಡಿದ ಬಾಯಲ್ಲೇ ಬೆಳಿಗ್ಗೆ "ಇವನೇ" ಅಂದಿದ್ದೆವು. ಅವತ್ತಿನಿಂದ ಒಂದು ಪ್ರಶ್ನೆ ನಮ್ಮನ್ನ ಕಾಡ್ತಾ ಇದೆ. ಕಳ್ಳನ ಮುಖ ಹೇಗಿರುತ್ತೆ? ಅದನ್ನ ನಮಗೆ ಕಲಿಸಿದವರು ಯಾರು?

ಫೊರೆನ್ಸಿಕ್ ಸೈಕಾಲಜಿ ಅನ್ನೋ ಹೆಸರು ಕೇಳಿದರೆ ಭಯ ಆಗುತ್ತೆ. ಭಯ ಬೇಡ. 'ಫೋರಂ' ಅಂದರೆ ಹಳೇ ರೋಮಿನ ಊರ ನಡುವಿನ ಕಟ್ಟೆ. ವ್ಯಾಪಾರ, ಭಾಷಣ, ನ್ಯಾಯ ಎಲ್ಲಾ ಅಲ್ಲೇ ನಡೀತಿತ್ತು. ಕಟ್ಟೆಯ ಮೇಲಿನ ನ್ಯಾಯಕ್ಕೆ ಮನಶ್ಶಾಸ್ತ್ರವನ್ನು ತರೋದೇ ಫೊರೆನ್ಸಿಕ್ ಸೈಕಾಲಜಿ. ಒಬ್ಬ ಮನುಷ್ಯ ಯಾಕೆ ತಪ್ಪು ಮಾಡ್ತಾನೆ, ಮಾಡುವಾಗ ಅವನ ಬುದ್ಧಿ ಸ್ಥಿಮಿತದಲ್ಲಿತ್ತೆ, ಸಾಕ್ಷಿಯ ನೆನಪನ್ನು ಎಷ್ಟು ನಂಬಬಹುದು, ನೊಂದವಳ ಮನಸ್ಸಿಗೆ ಏನಾಗಿದೆ, ಜೈಲಿನಿಂದ ಹೊರಗೆ ಬಂದವನು ಮತ್ತೆ ದಾರಿ ತಪ್ಪದಂತೆ ಏನು ಮಾಡಬೇಕು — ಇವು ಅದರ ಕೆಲಸಗಳು. ಕಟ್ಟೆ ಹತ್ತೋಕೂ ಬಿಡದೆ, ಕೆಳಗೆ ಕೈಕಟ್ಟಿ ನಿಂತು ತೀರ್ಪು ಕೇಳಿಸಿಕೊಂಡ ಜನ ನಾವು. ಆದ್ದರಿಂದ ಈ ಶಾಸ್ತ್ರವನ್ನು ನಾವು ಓದಲೇಬೇಕು.

ಅದರ ಹುಟ್ಟು ಒಳ್ಳೆಯದಲ್ಲ. ಇಟಲಿಯ ವೈದ್ಯ ಲೊಂಬ್ರೋಸೊ 1876ರಲ್ಲಿ ಒಂದು ಪುಸ್ತಕ ಬರೆದ. ಜೈಲಿನವರ ತಲೆ, ದವಡೆ, ಕಿವಿ ಅಳೆದು, ಅಪರಾಧಿ ಹುಟ್ಟುತ್ತಲೇ ಅಪರಾಧಿ, ದೇಹದ ಮೇಲೇ ಗುರುತಿರುತ್ತೆ ಅಂದ. 1913ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಗೋರಿಂಗ್ ಮೂರು ಸಾವಿರ ಕೈದಿಗಳನ್ನು ಅಳೆದು ನೋಡಿ, ಅಂಥ ಪ್ರತ್ಯೇಕ ದೇಹಲಕ್ಷಣ ಯಾವುದೂ ಇಲ್ಲ ಅಂತ ತೋರಿಸಿದ. ಲೊಂಬ್ರೋಸೊನ ತಪ್ಪು ಸಣ್ಣದಲ್ಲ. ಜೈಲಿನಲ್ಲಿ ಸಿಕ್ಕವರನ್ನ ನೋಡಿ ಅಪರಾಧಿ ಅಂದರೆ ಹೀಗಿರ್ತಾನೆ ಅಂತ ಬರೆದ. ಇಲ್ಲಿ ನೋಡಿ: 2022ರ ಸರ್ಕಾರದ ಲೆಕ್ಕದಲ್ಲಿ ನಮ್ಮ ದೇಶದ ಜೈಲುಗಳಲ್ಲಿ ಇದ್ದವರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಜನ ವಿಚಾರಣೆ ಮುಗಿಯದವರು. ತಪ್ಪು ಮಾಡಿದ್ದಾರೋ ಇಲ್ಲವೋ ಇನ್ನೂ ತೀರ್ಮಾನವೇ ಆಗಿಲ್ಲ. ಜಾಮೀನಿಗೆ ದುಡ್ಡಿಲ್ಲದ ಎಷ್ಟೋ ಬಡವರು ಅವರೊಳಗಿದ್ದಾರೆ. ನಮ್ಮ ಸೋಗಾನೆ ಜೈಲಿಗೆ ಹೋಗಿ ಮುಖ ಅಳೆದರೂ ಸಿಗೋದು ಅಪರಾಧದ ಗುರುತಲ್ಲ, ಬಡತನದ ಗುರುತು.

ಲೊಂಬ್ರೋಸೊ ಪುಸ್ತಕ ಬರೆಯೋ ಐದು ವರ್ಷ ಮೊದಲೇ, 1871ರಲ್ಲಿ, ಬ್ರಿಟಿಷರು ಇಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ನೇಕಾರನ ಮಗ ನೇಕಾರ, ಬಡಗಿಯ ಮಗ ಬಡಗಿ ಆಗೋ ಈ ದೇಶದಲ್ಲಿ ಕಳ್ಳನ ಮಗ ಕಳ್ಳನೇ ಅನ್ನೋದು ಅವರ ತರ್ಕ. ಈ ತರ್ಕ ಲಂಡನ್ನಿನಿಂದ ಬಂದದ್ದಲ್ಲ, ಇಲ್ಲಿನ ಜಾತಿಯಿಂದಲೇ ಕಡ ತಂದದ್ದು. ಕೊರಮ, ಕೊರಚ, ಲಂಬಾಣಿ, ಗಂಟಿಚೋರ — ಹೀಗೆ ಎಷ್ಟೋ ಜನರನ್ನು ಒಂದಲ್ಲ ಒಂದು ಸೀಮೆಯಲ್ಲಿ ಆ ಪಟ್ಟಿಗೆ ಹಾಕಿದರು. ಹೆಸರಿನಲ್ಲೇ 'ಚೋರ' ಅಂತ ಇಟ್ಟ ಮೇಲೆ ವಿಚಾರಣೆ ಯಾಕೆ ಬೇಕು? ಠಾಣೆಗೆ ಹೋಗಿ ಹಾಜರಿ ಹಾಕಬೇಕು, ಅಪ್ಪಣೆಯಿಲ್ಲದೆ ಊರು ಬಿಡಬಾರದು. ಹುಬ್ಬಳ್ಳಿಯಲ್ಲಿ ಇಂದಿಗೂ 'ಸೆಟ್ಲಮೆಂಟ್' ಅಂತ ಕರೆಯೋ ಜಾಗವಿದೆ. ಆ ಪಟ್ಟಿಯ ಜನರನ್ನು ಕೂಡಿಹಾಕಿದ್ದ ಜಾಗ ಅದು. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ರದ್ದಾದ ಕಾಯ್ದೆಯ ಬೆನ್ನಿಗೇ 'ರೂಢಿಗತ ಅಪರಾಧಿ' ಕಾಯ್ದೆಗಳು ಬಂದವು. ಕರ್ನಾಟಕದ್ದು 1961ರದು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು, ಜೈಲಿನ ನಿಯಮಗಳಲ್ಲಿ ಜಾತಿ ನೋಡಿ ಕೆಲಸ ಹಂಚೋದನ್ನ ರದ್ದು ಮಾಡಿತು. ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಿರಿ ಅಂತಲೂ ಹೇಳಿತು. ಸ್ವಾತಂತ್ರ್ಯ ಬಂದು 77 ವರ್ಷ ಆದ ಮೇಲೆ!

ಹಾಗಾದರೆ ನಮ್ಮವರು ತಪ್ಪೇ ಮಾಡಲ್ವೆ? ಮಾಡ್ತಾರೆ. ಎಲ್ಲ ಜಾತಿಯವರೂ ಮಾಡ್ತಾರೆ. ಅದನ್ನ ಮುಚ್ಚಿಟ್ಟು ಮಾತಾಡಿದರೆ ನಾವೂ ಸುಳ್ಳರೇ. ಭದ್ರಾವತಿಯವರಿಗೆ ಕಬ್ಬಿಣದ ಮಾತಲ್ಲೇ ಹೇಳ್ತೀವಿ. ಕೆಮ್ಮಣ್ಣುಗುಂಡಿಯಿಂದ ಬಂದ ಅದೇ ಅದಿರಿನ ಕಬ್ಬಿಣ ನೇಗಿಲ ಗುಳವೂ ಆಗಬಹುದು, ಮಚ್ಚೂ ಆಗಬಹುದು. ಅದಿರಿಗೂ ಗುಣ ಇದೆ, ನಿಜ. ಆದರೆ ಬೆಂಕಿ ಎಷ್ಟಿತ್ತು, ಸುತ್ತಿಗೆ ಯಾರ ಕೈಲಿತ್ತು, ಅದನ್ನೂ ಕೇಳಬೇಕು. ಇಂದಿನ ಮನಶ್ಶಾಸ್ತ್ರ ಹೇಳೋದೂ ಇದನ್ನೇ. ಚಿಕ್ಕಂದಿನಲ್ಲಿ ತಿಂದ ಹೊಡೆತ, ಅರ್ಧಕ್ಕೆ ನಿಂತ ಓದು, ಕುಡಿತ, ಸೇರಿದ ಗುಂಪು, ಕೋಪ ತಡೆಯೋ ಶಕ್ತಿ — ಇವೆಲ್ಲ ಕೂಡಿ ಒಂದು ಕೃತ್ಯ ಆಗುತ್ತೆ. ಟೆರ್ರಿ ಮಾಫಿಟ್ ಎಂಬ ಮನಶ್ಶಾಸ್ತ್ರಜ್ಞೆ 1993ರಲ್ಲಿ ಒಂದು ಮುಖ್ಯ ಮಾತು ಬರೆದರು. ಹರೆಯದಲ್ಲಿ ಕಾನೂನು ಮುರಿಯೋ ಹುಡುಗರಲ್ಲಿ ಹೆಚ್ಚಿನವರು ವಯಸ್ಸು ಬಲಿತಂತೆ ಅದನ್ನ ಬಿಟ್ಟುಬಿಡ್ತಾರೆ, ಬಾಳಿನುದ್ದಕ್ಕೂ ಮುಂದುವರಿಸೋರು ಕೆಲವರು ಮಾತ್ರ. ಹದಿನೆಂಟರ ಹುಡುಗನಿಗೆ 'ರೌಡಿ' ಅಂತ ಹೆಸರಿಟ್ಟುಬಿಟ್ಟರೆ ಅವನು ಬಿಡೋ ದಾರಿಯನ್ನೇ ನಾವು ಮುಚ್ಚಿದ ಹಾಗೆ.

ಇನ್ನು ಸಾಕ್ಷಿಯ ಕಣ್ಣು. "ಕಣ್ಣಾರೆ ಕಂಡೆ" ಅಂತೀವಲ್ಲ? 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಪಾಮರ್ ವಿದ್ಯಾರ್ಥಿಗಳಿಗೆ ಒಂದು ಕಾರು ಅಪಘಾತದ ಫಿಲಂ ತೋರಿಸಿದರು. 50 ಜನರಿಗೆ "ಕಾರುಗಳು ಅಪ್ಪಳಿಸಿದಾಗ ವೇಗ ಎಷ್ಟಿತ್ತು?" ಅಂತ, ಇನ್ನು 50 ಜನರಿಗೆ "ತಾಗಿದಾಗ ಎಷ್ಟಿತ್ತು?" ಅಂತ ಕೇಳಿದರು. ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಅಂದರು. 'ಅಪ್ಪಳಿಸಿದಾಗ' ಕೇಳಿಸಿಕೊಂಡವರಲ್ಲಿ 16 ಜನ ನೋಡಿದೆವು ಅಂದರು, 'ತಾಗಿದಾಗ' ಕೇಳಿಸಿಕೊಂಡವರಲ್ಲಿ 7 ಜನ. ಫಿಲಂನಲ್ಲಿ ಗಾಜು ಒಡೆದೇ ಇರಲಿಲ್ಲ! ಅವರು ಸುಳ್ಳು ಹೇಳಲಿಲ್ಲ, ಪ್ರಶ್ನೆಯೇ ನೆನಪನ್ನು ತಿದ್ದಿತ್ತು. "ಆ ಕ್ಯಾಂಪಿನ ಹುಡುಗ ರಾತ್ರಿ ಎದ್ದು ಓಡಾಡ್ತಿದ್ದ, ಅಲ್ವೇನೋ?" ಅಂತ ನಮ್ಮ ಹಾಸ್ಟೆಲಿನಲ್ಲಿ ಕೇಳಿದಾಗ ಇಬ್ಬರು "ಹೌದು, ನೋಡಿದೆವು" ಅಂದಿದ್ದರು. ಅವನು ಎದ್ದದ್ದು ಓದೋಕೆ.

ಒಮ್ಮೆ "ಇವನೇ" ಅಂತ ತೀರ್ಮಾನ ಆದ ಮೇಲೆ ಬೇರೆ ಏನೂ ಕಾಣಲ್ಲ. ಕೊಡಗಿನ ಕುಶಾಲನಗರ ಕಡೆಯ ಒಬ್ಬ ಆದಿವಾಸಿ ಕೂಲಿಕಾರ, ಹೆಂಡತಿ ಕಾಣೆಯಾದಳು ಅಂತ ತಾನೇ ದೂರು ಕೊಟ್ಟಿದ್ದ. ಬೆಟ್ಟದಪುರದ ಹತ್ತಿರ ಸಿಕ್ಕ ಒಂದು ಅಸ್ಥಿಪಂಜರ ಅವಳದೇ ಅಂದು, ಕೊಂದವನು ಇವನೇ ಅಂದರು. ಡಿ.ಎನ್.ಎ. ಹೊಂದಲಿಲ್ಲ, ಆದರೂ ಮೊಕದ್ದಮೆ ನಡೆಯಿತು. ವರ್ಷಕ್ಕೂ ಮೀರಿ ಜೈಲಿನಲ್ಲಿ ಕೊಳೆತ. 2025ರ ಏಪ್ರಿಲಿನಲ್ಲಿ ಹೆಂಡತಿ ಮಡಿಕೇರಿಯಲ್ಲಿ ಜೀವಂತ ಸಿಕ್ಕಳು! ಮೈಸೂರಿನ ಕೋರ್ಟು ಅವನನ್ನು ಬಿಡುಗಡೆ ಮಾಡಿ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತು. ನಮ್ಮ ಟ್ರಂಕಿನ ಕತೆಯೂ ಇದೂ ಒಂದೇ, ಗಾತ್ರ ಮಾತ್ರ ಬೇರೆ.

ಮನಸ್ಸಿನೊಳಗೆ ಕೈ ಹಾಕಿ ಸತ್ಯ ತೆಗೀತೀವಿ ಅಂದವರೂ ಇದ್ದಾರೆ. 2000ದ ದಶಕದಲ್ಲಿ ಬೆಂಗಳೂರು ಮಂಪರು ಪರೀಕ್ಷೆಗೆ ಹೆಸರಾಗಿತ್ತು. ಸೋಡಿಯಂ ಪೆಂಟೋಥಾಲ್ ಚುಚ್ಚಿ ಪ್ರಶ್ನೆ ಕೇಳೋದು. ಆ ಔಷಧಿ ನಾಲಿಗೆ ಸಡಿಲ ಮಾಡುತ್ತೆ, ಸತ್ಯವನ್ನೇ ಹೇಳಿಸುತ್ತೆ ಅಂತ ಅಲ್ಲ. ಕೇಳುವವನು ತೋರಿಸಿದ ದಾರಿಯಲ್ಲೇ ಮನಸ್ಸು ಹೋಗಿಬಿಡುತ್ತೆ. ಸುಳ್ಳು ಪತ್ತೆ ಯಂತ್ರ ಅಳೆಯೋದು ರಕ್ತದೊತ್ತಡ, ಉಸಿರು, ಬೆವರು. ಹೆದರಿದವನಿಗೂ ಬೆವರುತ್ತೆ. ಟ್ರಂಕಿನ ಮುಂದೆ ಆ ಹುಡುಗ ನಡುಗಿದ್ದು ಕದ್ದಿದ್ದಕ್ಕಲ್ಲ, ನಮ್ಮನ್ನು ನೋಡಿ. 2010ರ ಮೇ 5ರಂದು ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಮಿದುಳಿನ ಪರೀಕ್ಷೆ, ಸುಳ್ಳು ಪತ್ತೆ ಮೂರನ್ನೂ ಮಾಡಬಾರದು ಅಂತ ತೀರ್ಪು ಕೊಟ್ಟಿತು. ಈ ಮೊಕದ್ದಮೆಯ ಮೂಲ ನಿಮಗೆ ಗೊತ್ತಿರಬೇಕು. ಬೇರೆ ಜಾತಿಯವನನ್ನು ಮದುವೆಯಾದ ಹುಡುಗಿಯ ಗಂಡನ ಕೊಲೆ, ಆರೋಪ ಹುಡುಗಿಯ ಮನೆಯವರ ಮೇಲೆ. ಅಂಥ ಆರೋಪಿಗಳಿಗೆ ಸಿಕ್ಕಿದ ರಕ್ಷಣೆ ನಮಗೆ ಒಪ್ಪಿಗೆಯೆ? ಒಪ್ಪಲೇಬೇಕು. ಅವರಿಗೆ ಇಲ್ಲದ ರಕ್ಷಣೆ ನಾಳೆ ಕ್ಯಾಂಪಿನ ಹುಡುಗನಿಗೆ ಇರೋದಿಲ್ಲ.

ಕೊನೆಗೆ, ಮುಖದಲ್ಲಿ ಗುರುತೇ ಇಲ್ಲದ ಅಪರಾಧ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ದಾಳಿ ನಡೆಯಿತು, ಮನೆಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಹೇಳಿತು. ಮುಂದೆ ಹೈಕೋರ್ಟು ಹೆಚ್ಚಿನವರಿಗೆ ಜಾಮೀನು ಕೊಟ್ಟಿದೆ. ಆ 98 ಜನರ ಕಿವಿ, ದವಡೆ ಅಳೆದರೆ ಏನು ಸಿಗುತ್ತೆ? ಹೊಲ ಉಳೋರ, ಅಂಗಡಿ ಇಟ್ಟವರ ಮುಖ ಸಿಗುತ್ತೆ. ಗುಂಪಿನಲ್ಲಿ ಸೇರಿದಾಗ, ಕೇಳೋರಿಲ್ಲ ಅನ್ನೋ ಧೈರ್ಯ ಬಂದಾಗ, ಎದುರಿಗಿರೋನು ನಮ್ಮಂಥ ಮನುಷ್ಯನಲ್ಲ ಅಂತ ಮೊದಲೇ ಕಲಿತಿದ್ದಾಗ, ಸಾಮಾನ್ಯರೇ ಬೆಂಕಿ ಹಚ್ತಾರೆ. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ಯಾಕೆ ತಿರುಗಿಬೀಳ್ತಾನೆ? ಹೇಳಿಕೆ ಕೊಟ್ಟ ಮರುದಿನ ಕೂಲಿಗೆ ಹೋಗಬೇಕಾದದ್ದು ಯಾರ ಹೊಲಕ್ಕೆ ಅಂತ ಕೇಳಿ, ಉತ್ತರ ಸಿಗುತ್ತೆ. ಭಯವೂ ಮನಶ್ಶಾಸ್ತ್ರದ ವಿಷಯವೇ.

ಗೆಳೆಯರೆ, ಓದೋದರ ಜೊತೆಗೆ ಕೆಲವು ಕೆಲಸ ಇವೆ. ನಿಮ್ಮ ಕೇರಿಯ, ಕ್ಯಾಂಪಿನ ಹುಡುಗನನ್ನು ಠಾಣೆಗೆ ಕರೆದುಕೊಂಡು ಹೋದರೆ ಹೋದ ಹೊತ್ತು ಬರೆದಿಟ್ಟುಕೊಳ್ಳಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಇದು ಸಂವಿಧಾನದ 22ನೇ ವಿಧಿ. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡದ್ದು ಕೋರ್ಟಿನಲ್ಲಿ ರುಜುವಾತಾಗೋದಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳುತ್ತಿದ್ದುದು ಇದನ್ನೇ, 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ಅದು 23ನೇ ಕಲಂ. ಖಾಲಿ ಹಾಳೆಗೆ ಸಹಿ ಹಾಕಬಾರದು ಅಂತ ಹೇಳಿ. ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಕಾನೂನು ಸೇವಾ ಪ್ರಾಧಿಕಾರದ ಫೋನು 15100. ಹಾಸ್ಟೆಲಿನ ಗೋಡೆ ಮೇಲೆ ಬರೆದಿಡಿ.

ಇನ್ನೊಂದು ಕೆಲಸ ಇದೆ, ಅದು ಕಷ್ಟದ್ದು. ನಿಮ್ಮ ಹಾಸ್ಟೆಲಿನಲ್ಲಿ ನಾಳೆ ಏನಾದರೂ ಕಾಣೆಯಾದರೆ ನಿಮ್ಮ ಕಣ್ಣು ಮೊದಲು ಯಾರ ಕಡೆ ಹೋಗುತ್ತೆ ಅಂತ ನೋಡಿಕೊಳ್ಳಿ. ಟ್ರಂಕು ತೆಗೆಸೋದಾದರೆ ನಲವತ್ತನ್ನೂ ತೆಗೆಸಿ, ನಿಮ್ಮದನ್ನ ಮೊದಲು ತೆಗೀರಿ. ಅವತ್ತು ನಾವು ಅಷ್ಟು ಮಾಡಿದ್ದರೆ ಆ ಹುಡುಗ ಇವತ್ತು ಇಲ್ಲಿ ನಮ್ಮ ಜೊತೆ ಕೂತಿರುತ್ತಿದ್ದ.