ತಲಕಾಡಿನ ಮರಳು ಮತ್ತು ಮಕ್ಕಳ ಪ್ರಶ್ನೆ

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಬಳಿಕ, ಆಭರಣಗಳಿಗಾಗಿ ಬೆನ್ನಟ್ಟಿದವರನ್ನು ಶಪಿಸಿ, ಅಲ್ಲಿನ ವಿಜಯನಗರ ಪ್ರತಿನಿಧಿಯ ಪತ್ನಿ ಅಲಮೇಲಮ್ಮನು ಮಾಲಂಗಿಯ ಮಡುವಿಗೆ ಧುಮುಕಿದಳೆಂದೂ, ತಲಕಾಡು ಮರಳಿನಲ್ಲಿ ಹೂತುಹೋದುದೂ ಮೈಸೂರಿನ ಅರಸರು ಸಂತಾನಹೀನರಾದುದೂ ಆ ಶಾಪದ ಫಲವೆಂದೂ ಹೇಳುವ ಐತಿಹ್ಯವನ್ನು ಕೇಳದ ಕನ್ನಡಿಗರು ವಿರಳ. ಈ ಕಥೆಯನ್ನು ತರಗತಿಯಲ್ಲಿ ಹೇಳುವ ಉಪಾಧ್ಯಾಯರು ಅದನ್ನು ಸತ್ಯವೆಂದು ಘೋಷಿಸಬೇಕಾಗಿಲ್ಲ, ಮೌಢ್ಯವೆಂದು ತಿರಸ್ಕರಿಸಬೇಕಾಗಿಯೂ ಇಲ್ಲ. ಪರೀಕ್ಷಿಸುವ ಬಗೆಯನ್ನು ತೋರಿದರೆ ಸಾಕು. ಕಾವೇರಿಯು ತಲಕಾಡಿನ ಬಳಿ ಬಾಗಿ ಹರಿಯುವುದನ್ನೂ, ಅಲ್ಲಿ ಸಂಚಯವಾದ ಮರಳನ್ನು ಗಾಳಿಯು ಊರಿನತ್ತ ಒಯ್ಯುವುದನ್ನೂ ಭೂವಿಜ್ಞಾನಿಗಳು ವಿವರಿಸಿರುವರು. ಮೈಸೂರಿನ ಅರಸರ ವಂಶಾವಳಿಯನ್ನು ತೆರೆದರೆ, ನಾಲ್ವಡಿ ಕೃಷ್ಣರಾಜ ಒಡೆಯರು ಹತ್ತನೆಯ ಚಾಮರಾಜ ಒಡೆಯರ ಔರಸಪುತ್ರರೆಂಬುದು ಮಕ್ಕಳಿಗೇ ಕಾಣುವುದು.

ಆದರೆ ವಿಚಾರವು ಇಲ್ಲಿಗೇ ನಿಲ್ಲಬಾರದು. ಪ್ರಬಲರಿಂದ ನೊಂದ ಅಸಹಾಯ ಸ್ತ್ರೀಯೊಬ್ಬಳ ಪರವಾಗಿ ಜನಮನವು ತಲೆಮಾರುಗಳಿಂದ ನುಡಿಯುತ್ತ ಬಂದ ನ್ಯಾಯನಿರ್ಣಯವೂ ಈ ಕಥೆಯಲ್ಲಿ ಅಡಗಿದೆ. ನಡೆದ ಸಂಗತಿಯನ್ನೂ ನಂಬಿದ ಭಾವವನ್ನೂ ಬೇರ್ಪಡಿಸಿ ನೋಡಬಲ್ಲ ವಿದ್ಯಾರ್ಥಿಯು ಪರಂಪರೆಗೆ ದ್ರೋಹ ಬಗೆಯನು. ಅದನ್ನು ಅರಿತು ಗೌರವಿಸುವನು. ಆದುದರಿಂದ, ತಾಯಿತಂದೆಯರೇ, ಉಪಾಧ್ಯಾಯ ಮಿತ್ರರೇ, ಮಕ್ಕಳಿಗೆ ನಮ್ಮ ಕಥೆಗಳನ್ನು ಹೇಳಿರಿ; ಕಥೆ ಮುಗಿದ ಮೇಲೆ ಅವರು ಕೇಳುವ ಪ್ರಶ್ನೆಗಳಿಗೂ ಆದರದಿಂದ ಕಿವಿಗೊಡಿರಿ.