ಮೂಳೆಯೊಳಗಣ ಬರಹ



ಈ ಮಹೋತ್ಸವದ ಸಭೆಯಲ್ಲಿ ವಿಜ್ಞಾನವಿಷಯಕವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿರುವುದು. ತನ್ನ ಕೀರ್ತಿಗೆ ಮೂಲವಾದ ಶೋಧನೆಯನ್ನೇ ಸಂಶಯಿಸಿದ ಒಬ್ಬ ವಿದ್ವಾಂಸರ ವೃತ್ತಾಂತವನ್ನು ಅರಿಕೆಮಾಡುವೆನು.

ಸ್ವೀಡನ್ ದೇಶದ ಸ್ವಾಂಟೆ ಪಾಬೊ ಅವರು 1955ರಲ್ಲಿ ಜನಿಸಿದರು. ಬಾಲ್ಯದಲ್ಲಿ ತಾಯಿಯೊಡನೆ ಈಜಿಪ್ಟಿಗೆ ಹೋದಂದಿನಿಂದ ಅವರ ಮನಸ್ಸು ಪುರಾತನ ವಸ್ತುಗಳಲ್ಲಿ ನೆಟ್ಟಿತು. ಉಪ್ಸಾಲಾ ವಿಶ್ವವಿದ್ಯಾನಿಲಯದಲ್ಲಿ ಅವರ ವ್ಯಾಸಂಗವು ವೈರಸ್ಸುಗಳನ್ನು ಕುರಿತದ್ದು. ಆದರೆ ಮಾರ್ಗದರ್ಶಕರಿಗೆ ತಿಳಿಸದೆ ಅವರು ನಡೆಸುತ್ತಿದ್ದ ಪರೀಕ್ಷೆಯೇ ಬೇರೆ. ಜೀವಕಣದೊಳಗೆ ಡಿ.ಎನ್.ಎ. ಎಂಬ ಸೂಕ್ಷ್ಮ ತಂತುವುಂಟಷ್ಟೆ. ವಂಶದ ಲಕ್ಷಣಗಳೆಲ್ಲವೂ ಅದರಲ್ಲಿ ನಾಲ್ಕೇ ಅಕ್ಷರಗಳಿಂದ ಬರೆಯಲ್ಪಟ್ಟಿರುವುವು. ಪ್ರಾಣ ಹೋದ ಮೇಲೆಯೂ ಈ ಬರಹವು ಉಳಿಯುವುದೇ ಎಂಬುದು ಅವರ ಪ್ರಶ್ನೆ. ಈ ಸಭೆಯಲ್ಲಿ ಹೇಳಲು ಸಂಕೋಚವಾಗುವುದಾದರೂ ಹೇಳಲೇಬೇಕು: ಅಂಗಡಿಯಿಂದ ಕರುವಿನ ಯಕೃತ್ತನ್ನು ತಂದು ಪ್ರಯೋಗಶಾಲೆಯ ಒಲೆಯಲ್ಲಿ ಒಣಗಿಸಿದರು. ದುರ್ವಾಸನೆ ಎಲ್ಲೆಡೆಯೂ ಹರಡಿತು. ಬರಹವು ಮಾತ್ರ ಉಳಿದಿದ್ದಿತು.

1985ರಲ್ಲಿ, ಈಜಿಪ್ಟಿನಲ್ಲಿ ಸುಮಾರು 2,400 ವರ್ಷಗಳ ಹಿಂದೆ ಮಡಿದ ಮಗುವೊಂದರ ಶವದಿಂದ ಡಿ.ಎನ್.ಎ. ದೊರೆಯಿತೆಂದು ಪ್ರಕಟಿಸಿ ಅವರು ಪ್ರಖ್ಯಾತರಾದರು. ಬಳಿಕ ಅವರಿಗೇ ಸಂಶಯವು ಹುಟ್ಟಿತು. ಸತ್ತ ದೇಹದ ತಂತುವು ಚೂರುಚೂರಾಗತಕ್ಕುದು. ತಮಗೆ ದೊರೆತುದಾದರೋ ಬಲು ಉದ್ದನೆಯದು. ಮುಟ್ಟಿದ ಯಾವನೋ ಈಗಿನ ಮನುಷ್ಯನದೇ ಅದರಲ್ಲಿ ಬೆರೆತಿರಬೇಕು! ಹೊಗಳಿಕೆಯು ಬಂದ ಬಳಿಕ ಹೀಗೆ ಒಪ್ಪಿಕೊಳ್ಳುವುದು ಸುಲಭವಲ್ಲ. ಅಂದಿನಿಂದ ಅವರ ಆಯುಷ್ಯದ ಬಹುಭಾಗವು ತಮ್ಮನ್ನೇ ನಂಬದಿರುವ ವಿಧಾನಗಳನ್ನು ಏರ್ಪಡಿಸುವುದರಲ್ಲಿ ಕಳೆಯಿತು: ಮಡಿಯ ಅಡಿಗೆಮನೆಯನ್ನೂ ಮೀರಿದ ಶುಚಿಯ ಕೊಠಡಿಗಳು, ಮೈಯೆಲ್ಲ ಮುಚ್ಚುವ ಉಡುಪು, ಬೇರೊಂದು ಪ್ರಯೋಗಶಾಲೆಯಲ್ಲಿ ಮರುಪರೀಕ್ಷೆ.

ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ 1856ರಲ್ಲಿ ಸಿಕ್ಕಿದ ಮೂಳೆಯಿಂದ, 1997ರಲ್ಲಿ, ತಾಯಿಯ ಕಡೆಯಿಂದ ಮಾತ್ರವೇ ಇಳಿದುಬರುವ ಬರಹದ ತುಣುಕೊಂದನ್ನು ಅವರ ತಂಡವು ಓದಿತು. ಅದು ನಮ್ಮದಕ್ಕಿಂತ ಭಿನ್ನವಾಗಿದ್ದಿತು. ಆ ಜನರಿಗೂ ನಮಗೂ ಬೆರಕೆಯಿಲ್ಲವೆಂದೇ ತೋರಿತು. ಆದರೆ 2010ರಲ್ಲಿ, ಲೀಪ್ಜಿಗ್ ನಗರದ ಸಂಸ್ಥೆಯಲ್ಲಿದ್ದುಕೊಂಡು, ಕ್ರೊಯೇಷಿಯಾದ ಗುಹೆಯ ಮೂಳೆಗಳಿಂದ ಬರಹದ ಬಹುಭಾಗವನ್ನು ಓದಿಸಲಾಗಿ, ಆ ಎಣಿಕೆಯೂ ಕುಸಿಯಿತು. ಆಫ್ರಿಕದ ಹೊರಗಿನ ಜನರಲ್ಲಿ ನೂರಕ್ಕೆ ಒಂದೆರಡು ಪಾಲು ಆ ನಿಯಾಂಡರ್ತಲರದೇ ಆಗಿರುವುದು! ಅದೇ ವರ್ಷ ಸೈಬೀರಿಯದ ಡೆನಿಸೋವಾ ಗುಹೆಯ ಕಿರುಬೆರಳಿನ ಮೂಳೆಯು ಮತ್ತೊಂದು ಅಜ್ಞಾತ ಮಾನವಕುಲವನ್ನು ತೋರಿಸಿತು. ನೊಬೆಲ್ ಬಹುಮಾನವು 2022ರಲ್ಲಿ ಬಂದಿತು. ಅವರ ತಂದೆಗೂ 1982ರಲ್ಲಿ ಅದೇ ಬಹುಮಾನವು ಬಂದಿದ್ದಿತು.

ಈ ವಿಷಯವು ನಮಗೆ ದೂರದ್ದೆಂದು ತಿಳಿಯಬಾರದು. 2020ರಲ್ಲಿ ಪಾಬೊ ಅವರೂ ಹ್ಯೂಗೊ ಜೆಬೆರ್ಗ್ ಎಂಬವರೂ, ಕೋವಿಡ್ ವ್ಯಾಧಿಯು ಉಲ್ಬಣಿಸಲು ಅನುಕೂಲವಾದ ಒಂದು ವಂಶಭಾಗವು ನಿಯಾಂಡರ್ತಲರಿಂದ ಬಂದುದೆಂದು ತೋರಿಸಿದರು. ದಕ್ಷಿಣ ಏಷ್ಯದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿ ಅದನ್ನು ಹೊತ್ತಿರುವರು. ಅದೊಂದೇ ಕಾರಣವಲ್ಲ, ವಯಸ್ಸು ಮೊದಲಾದವೂ ಸೇರುವುವು. ಆದರೂ ಆ ಮಹಾಮಾರಿಯಲ್ಲಿ ಮನೆಯವರನ್ನು ಕಳೆದುಕೊಂಡವರು ಈ ಸಭೆಯಲ್ಲಿಯೂ ಇರುವರು. ಸುಮಾರು 40,000 ವರ್ಷಗಳ ಹಿಂದೆ ಅಳಿದುಹೋದ, ನಾವು ಕಾಡುಮನುಷ್ಯರೆಂದು ನಕ್ಕ ಜನರ ಆ ಬರಹವು, ಮಾತನಾಡುತ್ತಿರುವ ನನ್ನ ಮೈಯಲ್ಲಿಯೂ ಇದ್ದಿರಬಹುದು.